ಡುಲುತ್‌ನಿಂದ ತಂದ ಡಬ್ಬಿ

ಬುಧವಾರ ಬೆಳಿಗ್ಗೆ ಏಳಕ್ಕೆ ಗೈದರ್ಸ್‌ಬರ್ಗ್ ಬಿಟ್ಟೆವು. ಡಿಸೆಂಬರ್‌ನ ಮೊದಲ ವಾರ. ಕಾರಿನ ಗಾಜಿನ ಮೇಲೆ ಕಟ್ಟಿದ್ದ ಹಿಮದ ತೆಳು ಪದರವನ್ನು ನನ್ನ ತಮ್ಮ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದ. ಕಾರು ಅವನ ಮಗಳು ಸಿಂಧುವಿನದು. ಆರನೆಯ ವಯಸ್ಸಿನಲ್ಲಿ ಮೈಸೂರು ಬಿಟ್ಟವಳಿಗೆ ಈಗ ಇಪ್ಪತ್ತೊಂಬತ್ತು. ದಕ್ಷಿಣ ಕ್ಯಾರೊಲಿನಾದ ಒಂದು ಕಾಲೇಜಿನಲ್ಲಿ ಹುಡುಗರ ಈಜು ತಂಡಕ್ಕೆ ಸಹಾಯಕ ಕೋಚ್. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಈಜುಗಾರರನ್ನು ಹುಡುಕಿ, ನೋಡಿ, ತಂಡಕ್ಕೆ ಕರೆತರುವುದು ಅವಳ ಕೆಲಸದ ಅರ್ಧ ಪಾಲು. ಮುಂದಿನ ವರ್ಷದ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದನ್ನು ತುಂಬಲು ಐದು ದಿನದ ಪ್ರಯಾಣ. ಎರಡು ತಿಂಗಳಿಂದ ತಮ್ಮನ ಮನೆಯಲ್ಲಿ ಕೂತು ಬೇಸತ್ತಿದ್ದ ನಾನು ಜೊತೆಗೆ ಹೊರಟೆ.

"ನನ್ನ ಮಗಳು ಗಂಡು ನೋಡೋಕೆ ಹೊರಟಿದ್ದಾಳೆ ಭಾವ. ಅವಳಿಗಲ್ಲ, ಕಾಲೇಜಿಗೆ" ಎಂದು ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು.

ಹಿಂದಿನ ಸಂಜೆ ಅಲ್ಲಿಯ ಒಂದು ಈಜುಕೊಳದಲ್ಲಿ ಶಾಲೆಗಳ ಪಂದ್ಯ ನೋಡಿದ್ದೆ. ಮೈಸೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ ಅಭ್ಯಾಸ; ಗೆದ್ದವರ ಹೆಸರು, ಶಾಲೆ, ಸಮಯ ಎಲ್ಲವನ್ನೂ ಬರೆದುಕೊಂಡೆ. ಸಿಂಧುವಿನ ಪುಸ್ತಕ ಇಣುಕಿ ನೋಡಿದರೆ ಅದರಲ್ಲಿ ಗೆದ್ದ ಒಬ್ಬನ ಹೆಸರೂ ಇರಲಿಲ್ಲ. ನಾಲ್ಕನೆಯವನು, ಏಳನೆಯವನು, ಕೊನೆಗೆ ಬಂದವನು ಇದ್ದರು. ಗೆದ್ದವರನ್ನು ದೊಡ್ಡ ಕಾಲೇಜುಗಳು ಆಗಲೇ ಒಯ್ದಿವೆ ಎಂದಳು. ಹಾಗಿದ್ದರೆ ಸೋತವರಲ್ಲಿ ಏನು ನೋಡುತ್ತೀಯ ಎಂದು ಕೇಳಿದೆ. ಅದು ಹೇಳೋಕೆ ಬರಲ್ಲ ದೊಡ್ಡಪ್ಪ ಎಂದಳು. ನನ್ನ ಗೊಂದಲ ಶುರುವಾದದ್ದು ಅಲ್ಲಿಂದ.

ರಿಚ್‌ಮಂಡ್ ದಾಟಿದ ಮೇಲೆ, ಮಾತಿಗೆ ಮಾತು ಬಂದು, ಶನಿವಾರದ ಊಟದ ವಿಷಯ ಹೇಳಿದೆ. ನನ್ನ ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ಛಾಯಾಗ್ರಾಹಕನಾಗಿದ್ದ ರಹಮತ್‌ನ ಮಗ ಇಮ್ತಿಯಾಜ್ ಅಟ್ಲಾಂಟಾದ ಪಕ್ಕದ ಡುಲುತ್‌ನಲ್ಲಿದ್ದಾನೆ. ಬರುತ್ತಿದ್ದೇನೆ ಎಂದು ಫೋನ್ ಮಾಡಿದಾಗ ಶನಿವಾರ ಮಧ್ಯಾಹ್ನ ಇಬ್ಬರೂ ಊಟಕ್ಕೆ ಬರಲೇಬೇಕು ಎಂದಿದ್ದ. ನಾನು ಒಪ್ಪಿದ್ದೆ. ಅವನ ಮಗ ಝೈದ್ ಕೂಡ ಈಜುತ್ತಾನಂತೆ ಎಂದೆ.

ಸಿಂಧು ಕಾರಿನ ವೇಗ ತಗ್ಗಿಸಿದಳು. ಆಮೇಲೆ, "ಏನ್ ಮಾಡಿದ್ರಿ ದೊಡ್ಡಪ್ಪ. ಅಟ್ಲಾಂಟಾಗೆ ಡ್ರೈವ್ ಮಾಡ್ತಿರೋದೇ ಅವನನ್ನ ನೋಡೋಕೆ" ಎಂದಳು.

ಅದರಲ್ಲಿ ತಪ್ಪೇನು ಎಂದು ನನಗೆ ತಿಳಿಯಲಿಲ್ಲ. ಅವಳು ವಿವರಿಸಿದಳು. ಶುಕ್ರವಾರದಿಂದ ಭಾನುವಾರದವರೆಗೆ ಪಂದ್ಯ. ಪಂದ್ಯ ಮುಗಿದು, ಹುಡುಗನನ್ನು ಅವನ ಕೋಚ್ ಕಳಿಸಿಕೊಡುವವರೆಗೆ ಕಾಲೇಜಿನವರು ಅವನೊಡನೆ ಮಾತಾಡುವಂತಿಲ್ಲ. ಅವಳ ಹೆಡ್ ಕೋಚ್ ಇನ್ನೂ ಬಿಗಿ: ಮನೆಯವರ ಜೊತೆಗೂ ಮಾತು ಬೇಡ, ಫೋನ್ ಬೇಡ, ಊಟವಂತೂ ಬೇಡವೇ ಬೇಡ. ಹೇಳಿಕಳಿಸುವುದೂ ಮಾತಾಡಿದ ಹಾಗೆಯೇ. ತಪ್ಪಿದರೆ ಅವಳ ಕೆಲಸಕ್ಕೂ ಕುತ್ತು, ಹುಡುಗನ ಜಾಗಕ್ಕೂ ಕುತ್ತು.

ಮುಂದಿನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಕಾಲೇಜಿನಲ್ಲಿ ಈ ನಿಯಮಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ಫೋನ್ ಮಾಡಿದಳು. ಆಕೆ ನನ್ನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು. ಕಾಲೇಜಿನಿಂದ ಸಂಬಳ ಪಡೆಯುತ್ತಾರಾ? ಅಲ್ಲಿ ಓದಿದ್ದಾರಾ? ತಂಡಕ್ಕೆ ದೇಣಿಗೆ ಕೊಟ್ಟಿದ್ದಾರಾ? ಯಾವುದಾದರೂ ತಂಡಕ್ಕೆ ತರಬೇತಿ ಕೊಡುತ್ತಾರಾ? ಎಲ್ಲಕ್ಕೂ ಇಲ್ಲ.

ಸಿಂಧು ಫೋನ್ ಇಟ್ಟಳು. "ನೀವು ಏನೂ ಅಲ್ಲ ಅಂತ ತೀರ್ಮಾನ ಆಯ್ತು. ಊಟಕ್ಕೆ ಹೋಗಬಹುದು. ಆದರೆ ನನ್ನ ಮಾತು ಅಲ್ಲಿಗೆ ಹೋಗಬಾರದು, ಅಲ್ಲಿಯ ಮಾತು ನನಗೆ ಬರಬಾರದು."

ನಾನು ಮಾತು ಕೊಟ್ಟೆ. ಇದು ನನಗೆ ಹೊಸದೇನೂ ಆಗಿರಲಿಲ್ಲ. ಹಿಂದೆ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ಸಂಜೆಯೇ ಪತ್ರಿಕಾ ಕಚೇರಿಗೆ ಬರುತ್ತಿತ್ತು. ನಂಬರ್ ಬರೆದ ಚೀಟಿ ಹಿಡಿದು ತಂದೆತಾಯಿಗಳು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಬೆಳಿಗ್ಗೆ ಪತ್ರಿಕೆಯಲ್ಲಿ ನೋಡಿ ಎನ್ನುವುದೊಂದೇ ನಮ್ಮ ಉತ್ತರ. ನನ್ನ ತಮ್ಮ ಪಾಸಾದದ್ದನ್ನೂ ಅವನಿಗೆ ನಾನು ಹೇಳಿರಲಿಲ್ಲ.

ಸುಮಾರು ಇನ್ನೂರ ತೊಂಬತ್ತು ಮೈಲಿ ಓಡಿ ಮಧ್ಯಾಹ್ನ ಉತ್ತರ ಕ್ಯಾರೊಲಿನಾದ ಏಪೆಕ್ಸ್ ತಲುಪಿದೆವು. ಇಲ್ಲಿ ಪಂದ್ಯ ಇರಲಿಲ್ಲವಾದ್ದರಿಂದ ಒಬ್ಬ ಹುಡುಗನ ಮನೆಗೇ ಹೋಗಿ, ಅವರು ಕೊಟ್ಟ ಸೂಪು, ಬ್ರೆಡ್ಡು ತಿಂದು, ಒಂದು ಗಂಟೆ ಮಾತಾಡಿದೆವು. ಒಂದು ಊರಿನಲ್ಲಿ ತಿನ್ನಬಹುದು, ಇನ್ನೊಂದು ಊರಿನಲ್ಲಿ ನೀರೂ ಕುಡಿಯುವಂತಿಲ್ಲ. ಈಜಿನ ಬಗ್ಗೆ ಸಿಂಧು ಹೆಚ್ಚೇನೂ ಕೇಳಲಿಲ್ಲ. ಬೆಳಗಿನ ಅಭ್ಯಾಸಕ್ಕೆ ನಿನ್ನನ್ನು ಎಬ್ಬಿಸುವವರು ಯಾರು ಎಂದು ಕೇಳಿದಳು. ಹುಡುಗ ತಾಯಿಯ ಮುಖ ನೋಡಿದ. ತಾಯಿ ನಗುತ್ತಾ ತಾನೇ ಎಂದರು. ಹೊರಗೆ ಬಂದ ಮೇಲೆ ಅವನ ಹೆಸರಿನ ಮೇಲೆ ಸಿಂಧು ಅಡ್ಡಗೆರೆ ಎಳೆದಳು. ಆದರೆ ಆ ಹುಡುಗನ ಸಮಯ ಅವಳ ಪಟ್ಟಿಯಲ್ಲೇ ಎಲ್ಲರಿಗಿಂತ ಚೆನ್ನಾಗಿತ್ತು.

ಗುರುವಾರ ಪೂರ್ತಿ ರಸ್ತೆ. ಎರಡೂ ಕ್ಯಾರೊಲಿನಾಗಳನ್ನು ದಾಟಿ, ಜಿಟಿಜಿಟಿ ಮಳೆಯಲ್ಲಿ ಆರು ಗಂಟೆ ಓಡಿ, ಅಟ್ಲಾಂಟಾದ ಹೊರವಲಯದ ಒಂದು ಮೋಟೆಲ್ ಸೇರಿದೆವು. ಮರುದಿನ ಬೆಳಿಗ್ಗೆ ಈಜುಕೊಳಕ್ಕೆ ಹೋದರೆ ಹೊರಗೆ ಚಳಿ, ಒಳಗೆ ಕ್ಲೋರಿನ್ ವಾಸನೆಯ ಸೆಕೆ. ಮೇಲಿನ ಸಾಲುಗಳಲ್ಲಿ ಹತ್ತಾರು ಕಾಲೇಜುಗಳ ಕೋಚ್‌ಗಳು, ಎದೆಯ ಮೇಲೆ ಕಾಲೇಜಿನ ಹೆಸರು ದೊಡ್ಡದಾಗಿ ಕಾಣುವ ಅಂಗಿ ತೊಟ್ಟು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಅವರು ಯಾರನ್ನು ನೋಡಲು ಬಂದಿದ್ದಾರೆಂದು ಕೆಳಗಿದ್ದ ಹುಡುಗರಿಗೆ ಗೊತ್ತಿತ್ತು. ಮಾತು ಮಾತ್ರ ಇಲ್ಲ. ಒಬ್ಬ ಕೋಚ್ ಕೆಳಗಿನವರ ಕಡೆ ನೋಡಿ ಮುಗುಳ್ನಕ್ಕರು. ಅದಕ್ಕೆ ಅಡ್ಡಿಯಿಲ್ಲವೇ ಎಂದು ಕೇಳಿದೆ. ನಮ್ಮಲ್ಲಿ ಅದೂ ಇಲ್ಲ ಎಂದಳು ಸಿಂಧು.

ಶನಿವಾರ ಬೆಳಿಗ್ಗೆ ಝೈದ್‌ನ ಇನ್ನೂರು ಗಜದ ಬಟರ್‌ಫ್ಲೈ, ಎರಡೂ ತೋಳು ಒಟ್ಟಿಗೆ ಬೀಸುವ ಈಜು. ಎಂಟು ಸಲ ಕೊಳದ ಉದ್ದ ಈಜಬೇಕು. ಉದ್ದ ತೋಳಿನ, ತೆಳ್ಳಗಿನ ಹುಡುಗ. ಐದನೆಯ ಸುತ್ತಿಗೆ ಹಿಂದೆ ಬಿದ್ದ. ಎಂಟು ಜನರಲ್ಲಿ ಆರನೆಯವನಾಗಿ ಮುಗಿಸಿದ. ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ನಿರಾಶೆ" ಎಂದು ಬರೆದೆ.

ಸಿಂಧು ಅವಳ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಐದು, ಐದು, ಐದು ಎಂದು ಏಳು ಸಲ ಬರೆದಿತ್ತು. ಪ್ರತಿ ಸಲ ಗೋಡೆ ಒದ್ದು ತಿರುಗಿದಾಗಲೂ ಅವನು ನೀರಿನೊಳಗೇ ಐದು ಕಿಕ್ ಹೊಡೆದು ಮೇಲೆ ಬಂದಿದ್ದನಂತೆ. ಸುಸ್ತಾದವರು ಮೂರಕ್ಕೇ ಉಸಿರಿಗಾಗಿ ಮೇಲೆ ಬಂದುಬಿಡುತ್ತಾರಂತೆ.

"ಸೋಲ್ತಿದ್ದೀನಿ ಅಂತ ಅವನಿಗೆ ಗೊತ್ತಿತ್ತು. ಆದ್ರೂ ಐದೇ" ಎಂದಳು. "ಆ ಜಾಗ ಇವನಿಗೇ. ಹೆಡ್ ಕೋಚ್‌ಗೆ ಈಗ ಟೆಕ್ಸ್ಟ್ ಮಾಡ್ತೀನಿ. ಝೈದ್‌ಗೆ ಭಾನುವಾರ ಹೇಳ್ತೀನಿ."

ಕೊಳದ ಪಕ್ಕದ ಓಣಿಯಲ್ಲಿ ಝೈದ್ ಎದುರಿಗೇ ಬಂದ. ಸಿಂಧು ಸ್ಟಾಪ್‌ವಾಚ್ ನೋಡಿಕೊಂಡು ಅವನನ್ನು ದಾಟಿ ಹೋದಳು. ಅವನು ತಿರುಗಿ ನಿಂತು ನೋಡಿದ್ದನ್ನು ನಾನು ಕಂಡೆ.

ಸಂಜೆಯ ಸುತ್ತಿಗೆ ಇನ್ನೂ ಐದು ಗಂಟೆ ಬಿಡುವಿತ್ತು. ಸಿಂಧು ನನ್ನನ್ನು ಡುಲುತ್‌ಗೆ ಕರೆದೊಯ್ದು, ಇಮ್ತಿಯಾಜ್‌ನ ಮನೆಯ ಮುಂದಲ್ಲ, ಬೀದಿಯ ತುದಿಯಲ್ಲಿ ಇಳಿಸಿ, ಕೊರಿಯನ್ ಅಂಗಡಿಗಳ ಕಡೆಗೆ ಒಬ್ಬಳೇ ಊಟಕ್ಕೆ ಹೋದಳು. ಮೇಜಿನ ಮೇಲೆ ಐದು ತಟ್ಟೆ ಇದ್ದವು. ಸಿಂಧು ಬರುತ್ತಿಲ್ಲವೆಂದು ನಾನು ಬುಧವಾರವೇ ತಿಳಿಸಿದ್ದೆ. ಆದರೂ ಒಂದು ತಟ್ಟೆ ಅವಳಿಗೆಂದು ಇಟ್ಟಿದ್ದರು. ರಹಮತ್ ತೆಗೆದ ದಸರೆಯ ಒಂದು ಫೋಟೋ ಗೋಡೆಯ ಮೇಲಿತ್ತು. ನಾವಿಬ್ಬರೂ ಜೊತೆಗೆ ಹೋಗಿದ್ದ ದಿನದ್ದು ಅದು.

ಇಮ್ತಿಯಾಜ್ ಬಡಿಸುತ್ತಾ ವಿಷಯ ತೆಗೆದ. ವರ್ಜೀನಿಯಾದ ಒಂದು ಕಾಲೇಜು ಪಂದ್ಯಕ್ಕೆ ಮೊದಲೇ ಝೈದ್‌ಗೆ ಜಾಗ ಕೊಡುತ್ತೇನೆಂದಿತ್ತು. ಈ ಸಂಜೆಯೊಳಗೆ ಹೌದು ಅಥವಾ ಇಲ್ಲ ಹೇಳಬೇಕಿತ್ತು. ತಡವಾದರೆ ಅದು ಇನ್ನೊಬ್ಬನಿಗೆ. ಝೈದ್‌ನ ಮನಸ್ಸು ಮಾತ್ರ ಸಿಂಧುವಿನ ಕಾಲೇಜಿನ ಮೇಲೆ. ಬೇಸಿಗೆಯಲ್ಲಿ ಹೋಗಿ ನೋಡಿ ಬಂದಿದ್ದ. ಮನೆಯಿಂದ ಎರಡೂವರೆ ಗಂಟೆ ದಾರಿ, ಅವನು ಓದಬೇಕೆಂದಿದ್ದ ವಿಷಯವೂ ಅಲ್ಲಿತ್ತು.

"ರೂಲ್ಸ್ ಇದೆ, ಗೊತ್ತು ಅಂಕಲ್" ಎಂದ ಇಮ್ತಿಯಾಜ್. "ಇದು ಊಟ ಅಷ್ಟೇ ಅಲ್ವಾ. ನಮ್ಮನೆಗೆ ಬರದೇ ಇರೋಕೆ ಬೇರೆ ಕಾರಣ ಇದೆಯಾ ಅಂತ ನನ್ನ ಪ್ರಶ್ನೆ."

ಬೇರೆ ಕಾರಣ ಇಲ್ಲ ಎಂದೆ. ಅಷ್ಟು ಹೇಳಬಹುದಿತ್ತೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

ಝೈದ್ ತಟ್ಟೆ ನೋಡುತ್ತಾ ಹೇಳಿದ: "ಅವರು ನನ್ನ ನೋಡೇ ಇಲ್ಲ. ವರ್ಜೀನಿಯಾ ಕೋಚ್ ಅಟ್ ಲೀಸ್ಟ್ ಸ್ಮೈಲ್ ಮಾಡಿದ್ರು." ಆಮೇಲೆ ತಲೆ ಎತ್ತಿದ. "ಅಂಕಲ್, ಅವರು ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ? ಜಸ್ಟ್ ಯೆಸ್ ಆರ್ ನೋ."

ಮೂವರೂ ನನ್ನನ್ನು ನೋಡುತ್ತಿದ್ದರು. ನಾನು ಅವನ ತಾಯಿ ಶಬಾನಾಳ ಕಡೆ ತಿರುಗಿ, ಬಿರಿಯಾನಿ ಬಹಳ ಚೆನ್ನಾಗಿದೆ ಎಂದೆ.

"ಇಟ್ಸ್ ಓಕೆ, ಅಂಕಲ್" ಎಂದು ಝೈದ್ ಎದ್ದು ಒಳಗೆ ಹೋದ.

ಹೊರಡುವಾಗ ಶಬಾನಾ ಸ್ಟೀಲಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟಳು. ಸಿಂಧುವಿಗೆ ಅಂದಳು. ಬೇಡವೆನ್ನದೆ ತೆಗೆದುಕೊಂಡೆ. ಬೀದಿಯ ತುದಿಯಲ್ಲಿ ಕಾರು ಹತ್ತಿದಾಗ ಸಿಂಧು ಡಬ್ಬಿ ನೋಡಿ, ಮುಟ್ಟದೆ, ಹಿಂದಿನ ಸೀಟಿಗೆ ಇಡಲು ಹೇಳಿದಳು. ನಾನು ಬಾಯಿ ತೆರೆಯುವ ಮೊದಲೇ, "ಅಲ್ಲಿಯದು ಏನೂ ಬೇಡ ದೊಡ್ಡಪ್ಪ" ಎಂದಳು. ಅವಳಿಗೆ ಅವನು ಬೇಕಿತ್ತು, ಅವನಿಗೆ ಅವಳ ತಂಡ ಬೇಕಿತ್ತು, ಗಡುವು ಸಂಜೆಯದು. ಇವು ಮೂರೂ ಗೊತ್ತಿದ್ದವನು ಆ ಕಾರಿನಲ್ಲಿ ನಾನೊಬ್ಬನೇ. ಅರ್ಧ ಗಂಟೆಯ ದಾರಿ. ಟ್ರಾಫಿಕ್ ಇತ್ತು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಡಬ್ಬಿಯನ್ನು ರಾತ್ರಿ ಮೋಟೆಲಿನ ಫ್ರಿಜ್‌ನಲ್ಲಿಟ್ಟು, ಮರುದಿನ ಕೋಣೆ ಬಿಡುವಾಗ ಮತ್ತೆ ಹಿಂದಿನ ಸೀಟಿಗೆ ತಂದಿಟ್ಟೆ.

ಭಾನುವಾರ ಮಧ್ಯಾಹ್ನ ಕೊನೆಯ ಸ್ಪರ್ಧೆ ಮುಗಿಯಿತು. ಝೈದ್‌ನ ಕೋಚ್ ಹುಡುಗರನ್ನು ಕಳಿಸಿಕೊಡುವವರೆಗೆ ಸಿಂಧು ಕಂಬದ ಪಕ್ಕ ನಿಂತಿದ್ದಳು. ಕಳಿಸಿದ ಕೂಡಲೇ ನಡೆದು ಹೋಗಿ ಕೈ ಚಾಚಿದಳು. ಅವನು ಕೈ ಕುಲುಕಿ, ನಿನ್ನೆ ಸಂಜೆ ವರ್ಜೀನಿಯಾಗೆ ಹೌದು ಎಂದುಬಿಟ್ಟೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಸಹಿ ಇನ್ನೂ ಆಗಿರಲಿಲ್ಲ, ಮಾತು ಕೊಟ್ಟಿದ್ದ ಅಷ್ಟೇ. ಸಿಂಧು ಆ ಮಾತು ಎತ್ತಲಿಲ್ಲ. ಒಳ್ಳೆಯ ಕಾಲೇಜು, ಒಳ್ಳೆಯ ಕೋಚ್ ಎಂದಳು. ಆಮೇಲೆ, ನಿನ್ನೆ ಕೊನೆಯ ಗೋಡೆಯವರೆಗೂ ನೀನು ಐದೈದೇ ಕಿಕ್ ಹೊಡೆದೆ ಎಂದಳು.

"ಎಣಿಸಿದ್ರಾ?" ಎಂದು ಅವನು ಕನ್ನಡದಲ್ಲಿ ಕೇಳಿದ.

ಈಶಾನ್ಯಕ್ಕೆ ಹೋಗುವ ಹೆದ್ದಾರಿ ಸೇರಿದ ಮೇಲೆ ಸಿಂಧು ಕೇಳಿದಳು. "ನಿಮಗೆ ಗೊತ್ತಿತ್ತಾ?"

"ಶನಿವಾರ ಮಧ್ಯಾಹ್ನದಿಂದ."

"ನಿಮ್ಮನ್ನ ಏನಾದ್ರೂ ಕೇಳಿದ್ರಾ?"

"ಕೇಳಿದರು. ಬಿರಿಯಾನಿ ಚೆನ್ನಾಗಿದೆ ಅಂದೆ."

 ಅಲ್ಲಿಯ ಮಾತು ನಿನಗೆ ಹೇಳಿದ್ದರೆ ಅದು ತಪ್ಪಾಗುತ್ತಿತ್ತೇ ಎಂದು ಹಲವು ಮೈಲಿ ಕಳೆದ ಮೇಲೆ ನಾನೇ ಕೇಳಿದೆ. ಅವಳು ಯೋಚಿಸಿದಳು. ನಿಯಮದ ಪುಸ್ತಕದಲ್ಲಿ ಅದು ಇದೆಯೋ ಇಲ್ಲವೋ ತನಗೂ ಗೊತ್ತಿಲ್ಲ, ಭಯಕ್ಕೆ ಬೇಡ ಅಂದೆ ಎಂದಳು.

ಹಾರ್ಟ್‌ವೆಲ್ ಸರೋವರದ ಸೇತುವೆ ದಾಟಿದರೆ ದಕ್ಷಿಣ ಕ್ಯಾರೊಲಿನಾ. ಅಲ್ಲಿಯ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿ ಅವಳು ಹಿಂದಿನ ಸೀಟಿನಿಂದ ಡಬ್ಬಿ ತೆಗೆದಳು. "ಇನ್ನು ತಿನ್ನಬಹುದು. ಅವನು ಬೇರೆಯವರ ಹುಡುಗ ಈಗ." ಕಲ್ಲುಬೆಂಚಿನ ಮೇಲೆ ಕೂತು, ತಣ್ಣಗಿದ್ದ ಬಿರಿಯಾನಿಯನ್ನು ಒಂದು ಅಗುಳೂ ಬಿಡದೆ ತಿಂದಳು. ನಿಜ, ಚೆನ್ನಾಗಿದೆ ಎಂದಳು. ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದು, ತನ್ನ ಕಾಲೇಜಿನ ಹೆಸರಿದ್ದ ಟವೆಲಿನಲ್ಲಿ ಒರೆಸಿದಳು.

"ಡಬ್ಬಿ ಖಾಲಿ ವಾಪಸ್ ಕಳಿಸಬಾರದು ಅಲ್ವಾ ದೊಡ್ಡಪ್ಪ?"

"ಕಳಿಸಬಾರದು."

"ಏನ್ ಹಾಕಿ ಕಳಿಸೋದು?"

ನಾನು ಸೇತುವೆಯ ಕಡೆ ನೋಡಿದೆ. ನೀರಿನ ಆಚೆ ಜಾರ್ಜಿಯಾದ ದಡದಲ್ಲಿ ಇನ್ನೂ ಬಿಸಿಲಿತ್ತು. ಅವಳು ಉತ್ತರಕ್ಕಾಗಿ ಡಬ್ಬಿ ಹಿಡಿದು ನಿಂತೇ ಇದ್ದಳು.