ರೇಣುಕಾಳನ್ನು ಬಿಟ್ಟುಕೊಡದ ವಾರಗಳು

ನಾನು ಕನ್ನಡದಲ್ಲಿ ಕೇಳಿದೆ, ಮಕ್ಕಳು ಕನ್ನಡದಲ್ಲೇ ಉತ್ತರ ಕೊಟ್ಟರು, ನನಗೆ ಮಾತ್ರ ಏನೂ ತಿಳಿಯಲಿಲ್ಲ. ಗಂಗೊಳ್ಳಿಯ ಆ ಶಾಲೆಯಲ್ಲಿ ನನ್ನ ಮೊದಲ ದಿನ ಶುರುವಾದದ್ದು ಹೀಗೆ. "ಟೀಚರ್, ನಿಮ್ ಮನಿ ಎಲ್ಲಾಯ್ತ್? ನಾಳೆ ಬತ್ರ್ಯಾ? ಮಳಿ ಬಂದ್ರೂ ಬತ್ರ್ಯಾ?" ಎಂದು ಮೂರು ಮಕ್ಕಳು ಒಂದೇ ಉಸಿರಿನಲ್ಲಿ ಕೇಳಿದವು. ನಾನು ಸುಮ್ಮನೆ ನಕ್ಕು ತಲೆಯಾಡಿಸಿದೆ. ಬಾದಾಮಿ ಕಡೆಯ ಹಳ್ಳಿಯಿಂದ ಡಿ.ಎಡ್ ಓದಲು ಕುಂದಾಪುರಕ್ಕೆ ಬಂದವಳು ನಾನು. ಬೇರೆ ರಾಜ್ಯವಲ್ಲ, ಬೇರೆ ಭಾಷೆಯಲ್ಲ ಎಂದು ಅಪ್ಪನಿಗೆ ಧೈರ್ಯ ಹೇಳಿ ಬಸ್ಸು ಹತ್ತಿದ್ದೆ. ಹೇಳಿದ ಧೈರ್ಯ ಅಪ್ಪನ ಹತ್ತಿರ ಉಳಿಯಿತು. ನನ್ನ ಹತ್ತಿರ ಏನೂ ಇರಲಿಲ್ಲ.

ತರಬೇತಿಯ ಮೊದಲ ಮೂರು ತಿಂಗಳಿಗೇ ಗಂಗೊಳ್ಳಿಗೆ ಹಾಕಿದ್ದರು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ, ಬಸ್ಸು ಮಾತ್ರ ಸುತ್ತಿ ಬಳಸಿ ಹೋಗುತ್ತದೆ. ಹಾಗಾಗಿ ಅಲ್ಲೇ, ಮೀನು ಮಾರುವ ಗಿರಿಜಮ್ಮನ ಮನೆಯಲ್ಲಿ ಒಂದು ಕೋಣೆ ಹಿಡಿದೆ. "ಮೀನ್ ತಿಂಬುದಿಲ್ಯಾ? ಹಾಂಗಾರೆ ಗಂಗೊಳ್ಳಿಗ್ ಬಂದ್ ಎಂತ ಮಾಡ್ತ್ರಿ ಟೀಚರೇ?" ಎಂದು ಆಕೆ ನಿಜಕ್ಕೂ ಮರುಗಿದಳು. ನಮ್ಮಲ್ಲಿ ಬಟ್ಟೆ ಹಿಂಡಿ ಹಾಕುವಷ್ಟರಲ್ಲಿ ಒಣಗುತ್ತದೆ. ಇಲ್ಲಿ ಎರಡು ದಿನವಾದರೂ ತೇವ. ಅಮ್ಮ ಕಟ್ಟಿಕೊಟ್ಟ ಖಡಕ್ ಜೋಳದ ರೊಟ್ಟಿ ವಾರದೊಳಗೆ ಮೆತ್ತಗಾಗಿ ಬೂಸಲು ಹಿಡಿಯಿತು. ಗಿರಿಜಮ್ಮ ಕೊಡುತ್ತಿದ್ದ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನಂಚಿಕೊಂಡು ಉಣ್ಣುವಾಗ ಎಷ್ಟೋ ಸಲ ಕಣ್ಣು ತುಂಬಿತು. ಖಾರಕ್ಕೆ ಎಂದು ಸುಳ್ಳು ಹೇಳಿದೆ.

ನನಗೆ ಕೊಟ್ಟದ್ದು ಮೂರನೇ ತರಗತಿಯ ನಾಲ್ಕು ಮಕ್ಕಳನ್ನು, ಓದಲು ಬಾರದವರನ್ನು. ದಿನಕ್ಕೆ ಒಂದು ಗಂಟೆ ಜಗುಲಿಯಲ್ಲಿ ಕೂರಿಸಿ ಕಲಿಸಬೇಕು. ಶನಿವಾರ ಪ್ರತಿಯೊಬ್ಬರಿಂದಲೂ ಒಂದು ಪುಟ ಓದಿಸಿ, ತಡವರಿಸಿದ ಪದದ ಕೆಳಗೆ ಕೆಂಪು ಗೆರೆ ಎಳೆದು, ಹಾಳೆಯನ್ನು ತರಗತಿಯ ಶಾರದಾ ಟೀಚರಿಗೆ ಕೊಡಬೇಕು, ಅವರು ನೋಡಿ ಮನೆಗೆ ಕಳಿಸುತ್ತಾರೆ. ಗೆರೆಯಿಲ್ಲದೆ ಓದಿದ ಮಗು ಮರಳಿ ತರಗತಿಗೆ ಹೋಗುತ್ತದೆ.

ನಾಲ್ವರಲ್ಲಿ ಮೂವರು ಮೀನುಗಾರರ ಮಕ್ಕಳು. ನಾಲ್ಕನೆಯವಳು ರೇಣುಕಾ. ಎರಡನೇ ದಿನ ನನ್ನ ಹತ್ತಿರ ಸರಿದು, ಮೆಲ್ಲಗೆ, "ಅಕ್ಕಾರ, ನೀವು ನಮ್ಮ ಕಡ್ಯಾರೇನ್ರಿ?" ಎಂದಳು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕಾರು ಅನ್ನುತ್ತಾರೆ. ಆ ಒಂದು ಮಾತಿಗೆ ನಾನು ಪುಸ್ತಕ ಬದಿಗಿಟ್ಟು ಅವಳ ಊರು ಕೇಳಿದೆ. ಅವಳದು ಬಾಗಲಕೋಟೆ ಕಡೆಯ ಊರು. ಅಪ್ಪ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಹೊರುತ್ತಾನೆ, ಅವ್ವ ಮನೆ ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ. ಬಂದು ವರ್ಷವಾದರೂ ಹುಡುಗಿ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನನ್ನ ಜೊತೆ ಬಿಟ್ಟ ಬಾಯಿ ಮುಚ್ಚಲೇ ಇಲ್ಲ. ರಾತ್ರಿ ಏನು ಉಂಡೆ, ಊರಲ್ಲಿ ಆಡು ಎಷ್ಟು ಮರಿ ಹಾಕಿತು, ಎಲ್ಲವೂ ನನ್ನ ಮನೆಯ ಮಾತಿನಲ್ಲಿ. ಒಮ್ಮೊಮ್ಮೆ ಅರ್ಧ ರೊಟ್ಟಿ ಲಂಗದಲ್ಲಿ ಸುತ್ತಿ ತರುತ್ತಿದ್ದಳು. ಕಲಿಸುವವಳು ನಾನು, ಸಮಾಧಾನ ಪಡೆಯುವವಳೂ ನಾನೇ.

ಮಾತು ಬಂದ ಮೇಲೆ ಓದು ಬರಲು ಎಷ್ಟು ಹೊತ್ತು? ಎರಡನೇ ತಿಂಗಳ ಒಂದು ಶನಿವಾರ ಬೆಕ್ಕು ಹಾಲು ಕುಡಿದ ಪಾಠವನ್ನು ಅವಳು ನೀರು ಕುಡಿದಂತೆ ಓದಿದಳು. ನಾನು ಪೆನ್ನು ಹಿಡಿದು ಕೂತೇ ಇದ್ದೆ. ಇವಳನ್ನು ಕಳಿಸಿದರೆ ಸೋಮವಾರದಿಂದ ನನ್ನನ್ನು ಅಕ್ಕಾರ ಎನ್ನುವವರು ಯಾರು? ಬಟ್ಟಲು, ಅಂಗಳ, ಹೊಸ್ತಿಲು, ಮರಿಗಳು. ನಾಲ್ಕು ಪದಗಳ ಕೆಳಗೆ ಗೆರೆ ಎಳೆದೆ.

ರೇಣುಕಾ ಬಗ್ಗಿ ನೋಡಿದಳು. "ಇವು ನಾ ಬರೋಬ್ಬರಿ ಓದೀನೆಲ್ರಿ ಅಕ್ಕಾರ?"

"ಇನ್ನೊಂದು ವಾರ ಇಲ್ಲೇ ಇರು, ಗಟ್ಟಿ ಆಗ್ಲಿ" ಎಂದೆ.

"ರೇಣುಕಾ ಹ್ಯಾಂಗಿತ್ತ್? ಕ್ಲಾಸಿಗ್ ಕಳ್ಸುದಾ?" ಎಂದು ಶಾರದಾ ಟೀಚರ್ ಕೇಳಿದಾಗ ಹಾಳೆ ತೋರಿಸಿದೆ. ಮುಂದಿನ ಶನಿವಾರ ಅವಳು ನಿಜವಾಗಿಯೇ ತಡವರಿಸಿದಳು, ಅದರ ಮುಂದಿನ ವಾರವೂ. ನನಗೆ ಹಾಯೆನಿಸಿತು. ಹಾಗಾದರೆ ನಾನು ಹಾಕಿದ ಗೆರೆ ಅಷ್ಟೇನೂ ಸುಳ್ಳಲ್ಲ ಅಂದುಕೊಂಡೆ. ನನ್ನಂಥ ದಡ್ಡಿಯ ಕೈಗೆ ಮಕ್ಕಳನ್ನು ಕೊಡಬಾರದಿತ್ತು.

ಒಂದು ಸೋಮವಾರ ಅವಳ ಅವ್ವ ಶಾಲೆಗೆ ಬಂದಳು. ಕೈಯಲ್ಲಿ ಆ ಹಾಳೆಗಳು. ಆಕೆಗೆ ಓದು ಬರುವುದಿಲ್ಲ, ಕೆಂಪು ಬಣ್ಣ ತಿಳಿಯುತ್ತದೆ.

"ಈಕಿ ತಲಿಗೆ ಏನೂ ಹತ್ತವಲ್ದು ಅಕ್ಕಾರ. ಊರಾಗ ನಮ್ಮ ಅಕ್ಕನ ಮನ್ಯಾಗ ಕೂಸೈತ್ರಿ. ಅದನ್ನರ ಆಡಿಸ್ಕೊಂಡ ಇರ್ಲಿ. ನಾಳೆ ನಮ್ಮ ತಮ್ಮ ಊರಿಗೆ ಹೊಂಟಾನ, ಕಳಸ್ತೀನಿ."

"ಇಲ್ಲವ್ವ, ಓದ್ತಾಳ, ಚೊಲೋ ಓದ್ತಾಳ" ಎಂದು ಪುಸ್ತಕ ತೆಗೆದು ಅದೇ ಬೆಕ್ಕಿನ ಪಾಠ ಕೊಟ್ಟೆ. "ಓದ ರೇಣುಕಾ."

ಓದಿದಳು. ಬಟ್ಟಲು ಎನ್ನುವಲ್ಲಿ ನಿಂತು ನನ್ನ ಮುಖ ನೋಡಿ ತಡವರಿಸಿದಳು. ಅಂಗಳ ಎನ್ನುವಲ್ಲಿ ನಿಂತಳು. ಹೊಸ್ತಿಲಿನಲ್ಲಿ ನಿಂತಳು. ನಾನು ಗೆರೆ ಹಾಕಿದ ನಾಲ್ಕೂ ಕಡೆ, ಸರಿಯಾಗಿ ಅಲ್ಲಲ್ಲೇ. ಉಳಿದ ಪದಗಳಲ್ಲಿ ಒಂದು ತಪ್ಪೂ ಇಲ್ಲ. ಪ್ರತಿ ಸಲ ತಲೆಯೆತ್ತಿದಾಗಲೂ ಆ ಕಣ್ಣಲ್ಲಿ ನನ್ನನ್ನು ಮೆಚ್ಚಿಸಿದ ಸಂತೋಷವಿತ್ತು. ನನ್ನ ಜೊತೆ ಇರಬೇಕೆಂದರೆ ಹೇಗೆ ಓದಬೇಕು ಎನ್ನುವುದನ್ನು ಅವಳು ಕಲಿತಿದ್ದಳು. ನಾನು ಕಲಿಸಿದ್ದೇ ಅದು.

"ನೋಡ್ರಿ" ಎಂದಳು ಅವ್ವ.

"ತಪ್ಪು ನಂದವ್ವ. ಆಕಿ ಯಾವಾಗೋ ಓದಾಕ ಕಲಿತಾಳ. ನಾನ ಸುಳ್ಳ ಗೆರಿ ಹಾಕೀನಿ" ಎಂದೆ. ಅಳು ತಡೆಯಲಾಗಲಿಲ್ಲ.

ಆಕೆ ನನ್ನ ಕೈ ಹಿಡಿದಳು. ಸಿಮೆಂಟಿನಿಂದ ಒರಟಾದ ಕೈ. "ನೀವು ನಮ್ಮ ಕಡ್ಯಾರು. ನನಗ ಕೆಟ್ಟ ಅನಿಸಬಾರದಂತ ಹಂಗ ಹೇಳಾಕತ್ತೀರಿ. ಇರ್ಲಿ ಬಿಡ್ರಿ" ಎಂದು ಮಗಳನ್ನು ಕರೆದುಕೊಂಡು ಹೋದಳು.

ಶಾರದಾ ಟೀಚರಿಗೆ ಎಲ್ಲ ಹೇಳಿದೆ. "ಎಂತ ಮಾಡ್ದೆ ಹೆಣ್ಣೇ ನೀನ್!" ಎಂದವರು, ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ರೇಣುಕಾಳ ಮನೆಯವರಿದ್ದ ಶೆಡ್ಡಿಗೆ ಹೋದರು. ಬಾಗಿಲಿಗೆ ಬೀಗ. ಮಾವನ ಜೊತೆ ಹುಡುಗಿ ಹೊರಟು ಗಂಟೆಯಾಯಿತು ಎಂದು ಪಕ್ಕದವರು ಹೇಳಿದರು. ಆಮೇಲೆ ಟೀಚರ್ ಅವಳ ಅವ್ವನಿಗೆ ಎಷ್ಟೋ ಸಲ ತಿಳಿಹೇಳಿದರು. ಆಕೆ ಹೂಂ ಎಂದಳು, ಹುಡುಗಿ ಮರಳಲಿಲ್ಲ.

ನಾನೀಗ ಬ್ರಹ್ಮಾವರದ ಹತ್ತಿರ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಊರಿಗೆ ಹೋದರೆ ನನ್ನ ಮಾತು ಕೇಳಿ ತಂಗಿ ನಗುತ್ತಾಳೆ, ಅಕ್ಕಿ ಸೀಮೆಯವಳು ಬಂದಳು ಅನ್ನುತ್ತಾಳೆ. ಇಲ್ಲಿಯವರು ಇನ್ನೂ ನನ್ನನ್ನು ಘಟ್ಟದ ಮೇಲಿನವಳು ಎನ್ನುತ್ತಾರೆ. ಎರಡೂ ನಿಜ. ಮೊನ್ನೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಗಂಟು ಹೊತ್ತ ಒಬ್ಬ ಹೆಂಗಸು, "ಬೈಂದೂರ ಬಸ್ಸು ಎಲ್ಲಿ ನಿಂದರ್ತೈತ್ರಿ ಯಕ್ಕಾ?" ಎಂದು ಕೇಳಿದಳು. ಪಕ್ಕದಲ್ಲಿ ಏಳೆಂಟು ವರ್ಷದ ಮಗಳು. ಯಾವ ಊರವ್ವ ನಿಮ್ಮದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. "ಅಲ್ಲ್ ನಿಲ್ತ್, ಆ ಬದಿಯಂಗೆ" ಎಂದಷ್ಟೇ ಇಲ್ಲಿಯವರ ಮಾತಿನಲ್ಲಿ ಹೇಳಿ, ಆ ಹುಡುಗಿಯ ಮುಖ ನೋಡದೆ ಮುಂದೆ ಹೋದೆ.