ರಾಮದುರ್ಗದ ಅಡುಗೆಮನೆಯಲ್ಲಿ ಒಂದು ಜಾವಾ ಮಾತು

ತೊಂಬತ್ತೆಂಟರ ಬೇಸಿಗೆ. ಬೈಲಹೊಂಗಲದಿಂದ ಬೆಳಗಿನ ಬಸ್ಸು ಹಿಡಿದೆವು. ಜೊತೆಗಿದ್ದವಳು ವೆನಿಂಗ್, ಧಾರವಾಡದಲ್ಲಿ ಭಾಷಾಶಾಸ್ತ್ರ ಓದುತ್ತಿದ್ದ ಜಾವಾದ ಹುಡುಗಿ. ರಜೆಗೆ ನಮ್ಮ ಮನೆಗೆ ಬಂದಿದ್ದಳು. ರಾಮದುರ್ಗಕ್ಕೆ ಕೊಟ್ಟ ನನ್ನ ತಂಗಿ ನೀಲವ್ವನನ್ನು ನೋಡಿ ಸಂಜೆಗೆ ಮರಳುವ ವಿಚಾರವಿತ್ತು.

ಸವದತ್ತಿಯಲ್ಲಿ ಬಸ್ಸು ಬದಲಿಸಿದೆವು. ಗುಡ್ಡದಿಂದ ಇಳಿದ ಮಂದಿ, ಹಣೆತುಂಬ ಭಂಡಾರ, ಕಾಲಿಡಲು ಜಾಗವಿಲ್ಲ. ಪಕ್ಕದ ಮುದುಕನ ಬೀಡಿ ವೆನಿಂಗಳ ಮೊಣಕೈಗೆ ತಾಗಿತು.

"ಕೆಸ್ಲೊಮೊಟ್!" ಎಂದು ಚೀರಿದಳು.

"ತಪ್ಪಾತ್ ಬಿಡ ನನ್ನವ್ವಾ," ಎಂದು ಮುದುಕ ಬೀಡಿಯನ್ನು ಕಿಟಕಿಯಾಚೆ ಎಸೆದ.

ಬೆಂಕಿ ಅರಿಯದೆ ತಾಗಿದರೆ ಅವರಲ್ಲಿ ಹಾಗೆನ್ನುತ್ತಾರಂತೆ. ಬೇಕೆಂದೇ ಸುಟ್ಟರೆ, ಮೊದಲಿನ 'ಕೆ' ಹೋಗಿ ಸುಟ್ಟವರ ಗುರುತು ಕ್ರಿಯಾಪದದ ಮುಂದೆಯೇ ಬಂದು ನಿಲ್ಲುತ್ತದೆ: ನಾನಾದರೆ 'ತಕ್', ನೀನಾದರೆ 'ಕೊಕ್', ಬೇರೆಯವರಾದರೆ 'ದಿ'. ನಮ್ಮಲ್ಲಿ ಬಾಲಕ್ಕೆ ಅಂಟುವುದು ಅವರಲ್ಲಿ ತಲೆಗೆ ಅಂಟುತ್ತದೆಯಲ್ಲ ಎಂದು ನಗುತ್ತ ರಾಮದುರ್ಗ ಮುಟ್ಟಿದೆವು.

"ಬರ್ರಿ, ಕುಂಡ್ರಿ," ಎಂದು ನೀಲವ್ವನ ಅತ್ತೆ ಪಡಸಾಲೆಯಲ್ಲೇ ಕುಳಿತರು. ನಾವು ಒಳಗೆ ಹೋದೆವು. ರೊಟ್ಟಿ ಬಡಿಯುತ್ತಿದ್ದ ತಂಗಿಯ ಮುಂಗೈ ಮೇಲೆ ಕಡಲೆಕಾಳಿನಷ್ಟು ಕಪ್ಪು ಕಲೆಗಳಿದ್ದವು.

"ಏನಾತ ಇದು?"

"ಹಂಚ ತಾಗೇತಿ, ಬಿಡ ಅಕ್ಕಾ," ಎಂದಳು, ಹೊರಗೆ ಕೇಳುವಷ್ಟು ಜೋರಾಗಿ.

"ಕೆಸ್ಲೊಮೊಟ್," ಎಂದಳು ವೆನಿಂಗ್, ಪಾಪ, ಮರುಕದಿಂದ. ನಾನು ಬಸ್ಸಿನ ಕಥೆಯನ್ನೆಲ್ಲ, 'ತಕ್', 'ಕೊಕ್', 'ದಿ' ಸಮೇತ, ತಂಗಿಗೆ ಮೆಲ್ಲಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ರೊಟ್ಟಿ ಬಡಿಯುವುದು ನಿಂತಿತು.

"ದಿ," ಎಂದಳು. ತುಟಿ ಅಲುಗಿದ್ದಷ್ಟೇ ಕಂಡಿತು. "ದಿಸ್ಲೊಮೊಟ್." ಕಣ್ಣು ಗೂಟಕ್ಕೆ ತೂಗುಹಾಕಿದ್ದ ಗಂಡನ ಅಂಗಿಯ ಕಡೆಗಿತ್ತು. ಅದರ ಕಿಸೆಯಲ್ಲಿ ಬೀಡಿ ಕಟ್ಟು.

ಗಂಡನ ಹೆಸರನ್ನೂ ಬಾಯಿಗೆ ತರಬಾರದು, ತಪ್ಪನ್ನೂ ತರಬಾರದು ಎಂದು ನಮ್ಮವ್ವ ನಮ್ಮಿಬ್ಬರಿಗೂ ಕಲಿಸಿದ್ದಳು. ಕನ್ನಡದಲ್ಲಿ ಆಡಲಾಗದ್ದನ್ನು ಆಗಷ್ಟೇ ಕೇಳಿದ ಭಾಷೆಯಲ್ಲಿ ನನ್ನ ತಂಗಿ ಆಡಿದ್ದಳು. ನನಗೆ ಸಿಟ್ಟು ಬಂತು.

"ಯಾಕ, ರೊಟ್ಟಿ ಸಪ್ಪಳ ನಿಂತತಲ್ಲ?" ಎಂದರು ಅತ್ತೆ ಹೊರಗಿನಿಂದ.

"ಅವ್ವಗ ಆರಾಮಿಲ್ಲರಿ. ನೀಲವ್ವನ್ನ ಕರಕೊಂಡ ಹೋಗತೇನಿ," ಎಂದೆ. ಅವರ ಉತ್ತರಕ್ಕೆ ಕಾಯಲಿಲ್ಲ.

ಊಟವಿಲ್ಲದೆ ಸವದತ್ತಿ ಬಸ್ಸು ಹತ್ತಿದೆವು. ವೆನಿಂಗ್ ನೀಲವ್ವನ ಕೈ ಹಿಡಿದೇ ಕುಳಿತಿದ್ದಳು. ಬೈಲಹೊಂಗಲ ಹತ್ತಿರವಾದಂತೆ ನನಗೆ ದಿಗಿಲು. ಅವ್ವನಿಗೆ ಏನು ಹೇಳುವುದು?

"ನಾನs ಜುಲುಮಿ ಮಾಡಿ ಕರಕೊಂಡ ಬಂದೆ ಅಂತೇನಿ," ಎಂದೆ.

ನೀಲವ್ವ ಸೆರಗು ಸರಿಸಿ ಸುಟ್ಟ ಕೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟಳು.

"ಬ್ಯಾಡ ಅಕ್ಕಾ. ಆಕಿನs ಬಿಟ್ಟ ಬಂದಳು ಅನ್ನು."