ಹುಣಸೆಮರದ ಜಾಗ

ನಲವತ್ತು ದಾಟಿದ ಮೇಲೆ ಮೋಜಣಿ ಇಲಾಖೆಗೆ ರಜೆ ಹಾಕಿ ಬೆಂಗಳೂರಿನಲ್ಲಿ ಚಿತ್ರಕಲೆ ಕಲಿಯಲು ಸೇರಿದೆ. ಮೇಷ್ಟರು ನನಗಿಂತ ಚಿಕ್ಕವರು. ಹೊಲದ ಒಂದು ನೋಟ ಬರೆದು ತನ್ನಿ ಅಂದರು. ಪೆಟ್ರೋಲು ಸಿಗದ ಆ ಯುದ್ಧಕಾಲದಲ್ಲಿ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹಿಡಿದು, ವರ್ಷಗಟ್ಟಲೆ ಸರಪಳಿ ಹಿಡಿದು ಹೊಲ ಅಳೆದಿದ್ದ ಆವನಿ ಎಂಬ ಊರಿಗೇ ಹೋದೆ.

ಬದುವಿನ ಮೇಲೆ ಕೂತು ಪೆನ್ಸಿಲ್ಲಿನಲ್ಲಿ ಬರೆದೆ. ಎಡಗಡೆ ಯಾಕೋ ಬೋಳುಬೋಳಾಗಿ ಕಂಡಿತು. ಬಲತುದಿಯ ಹುಣಸೆಮರವನ್ನು ಅಲ್ಲಿಗೆ ತಂದು ನಿಲ್ಲಿಸಿದೆ. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮರದ ಯಜಮಾನ ಮುನಿವೆಂಕಟಪ್ಪ ಅಲ್ಲೇ ಕುಸಿದು ಕೂತ.

"ಸಾಮಿ, ನನ್ನ ಮರಾನ ನಾರೆಪ್ಪನ ಹೊಲಕ್ಕೆ ಹಾಕ್ಬಿಟ್ರಲ್ಲ."

"ಇದು ನಕ್ಷೆ ಅಲ್ಲಪ್ಪ, ಚಿತ್ರ. ಅಂದಕ್ಕೆ ಹಾಗೆ ಬರೆದಿದ್ದೀನಿ."

"ನಿಮಗೆ ಅಂದ ಸಾಮಿ, ನನಗೆ ಹುಣಸೇಹಣ್ಣು ಹೋಯ್ತು. ನೀವು ಗೀಟು ಎಳೆದ ಮೇಲೆ ಕೋರ್ಟಲ್ಲೂ ಯಾರೂ ಕೇಳಲ್ಲ."

ಅಷ್ಟರಲ್ಲಿ ಪಕ್ಕದ ಹೊಲದಿಂದ ನಾರೆಪ್ಪನೂ ಬಂದ. ಚಿತ್ರವನ್ನು ಬಹಳ ಹೊತ್ತು ನೋಡಿ, "ಸರಿಯಾಗೈತೆ ಸಾಮಿ, ಕೆಳಗೊಂದು ರುಜು ಹಾಕ್ಬಿಡಿ" ಅಂದ. ನನ್ನ ಚಿತ್ರವನ್ನು ಅಷ್ಟು ಮನಸಾರೆ ಮೆಚ್ಚಿದವನು ಅವನೊಬ್ಬನೇ.

ಇಬ್ಬರೂ ಕೈಕೈ ಮಿಲಾಯಿಸುವ ಮೊದಲೇ ಮರವನ್ನು ಅಳಿಸಿ, ಅದು ಇದ್ದ ಜಾಗದಲ್ಲೇ ಮತ್ತೆ ಬರೆದೆ.

ಬೆಂಗಳೂರಿನಲ್ಲಿ ಮೇಷ್ಟರು ಚಿತ್ರ ನೋಡಿ ಮುಖ ಸಿಂಡರಿಸಿದರು. "ಎಡಗಡೆ ಪೂರ್ತಿ ಖಾಲಿ ಬಿಟ್ಟಿದ್ದೀರಲ್ಲ. ಆ ಮರಾನ ಸ್ವಲ್ಪ ಈಚೆಗೆ ತಂದಿದ್ರೆ ಏನಾಗ್ತಿತ್ತು?"

"ವ್ಯಾಜ್ಯ ಆಗ್ತಿತ್ತು ಸಾರ್" ಅಂದೆ.